ಸುಂಕದವನು ದೂರ ಹೋದ

ನಾನು ಕೆಲಸ ಮಾಡುವ ಜಾಗದ ಹೆಸರು ಪಟ್ಟಂದೂರು ಅಗ್ರಹಾರ. ಆಫೀಸಿನವರು ಯಾರೂ ಹಾಗನ್ನಲ್ಲ. ಐಟಿಪಿಎಲ್ ಅಂತಾರೆ, ಇಲ್ಲಾಂದ್ರೆ ವೈಟ್‌ಫೀಲ್ಡ್ ಅಂತಾರೆ. 2023ರ ಮಾರ್ಚಿನಲ್ಲಿ ಈ ಕಡೆಗೆ ಮೆಟ್ರೋ ಬಂದಮೇಲೆ ರೈಲಿನೊಳಗಿನ ಧ್ವನಿ ದಿನಾ ಆ ಹೆಸರನ್ನು ಕೂಗಿ ಹೇಳ್ತಿದೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದಿನ ಕೇಳಿದ: 'ಅಗ್ರಹಾರ ಅಂದ್ರೆ ಏನು ಸಾರ್, ಜೈಲಾ?' ಪಾಪ, ಪರಪ್ಪನ ಅಗ್ರಹಾರ ಒಂದೇ ಅವನ ಕಿವಿಗೆ ಬಿದ್ದಿದ್ದು.

ಅಗ್ರಹಾರ ಅನ್ನೋದು ಮೂಲದಲ್ಲಿ ತೆರಿಗೆಗೆ ಸಂಬಂಧಪಟ್ಟ ಮಾತು. ಒಂದು ಊರಿನಿಂದ ತನಗೆ ಬರಬೇಕಾದ ಕಂದಾಯವನ್ನು ರಾಜ ಬ್ರಾಹ್ಮಣರ ಗುಂಪಿಗೆ ಬಿಟ್ಟುಕೊಟ್ಟರೆ ಆ ಊರು ಅಗ್ರಹಾರ. ಯಾವ ತೆರಿಗೆಯೂ ಇಲ್ಲದಂತೆ ಕೊಟ್ಟರೆ ಶಾಸನಗಳ ಭಾಷೆಯಲ್ಲಿ ಅದು 'ಸರ್ವಮಾನ್ಯ'. ಹಾಗಂತ ಹೊಲ ಉಳೋನಿಗೆ ಕೊಡೋದೇನೂ ತಪ್ಪುತ್ತಿರಲಿಲ್ಲ. ಇಸ್ಕೊಳ್ಳೋ ಕೈ ಬದಲಾಗ್ತಿತ್ತು, ಅಷ್ಟೆ. ಸ್ವಾತಂತ್ರ್ಯ ಬಂದಮೇಲೆ 1954ರ ಮೈಸೂರು ಇನಾಂ ರದ್ದತಿ ಕಾಯ್ದೆ ಮತ್ತು ಅದರ ಹಿಂದೆಯೇ ಬಂದ ಕಾಯ್ದೆಗಳಿಂದ ಇಂಥ ಇನಾಮುಗಳೆಲ್ಲ ಮುಗಿದವು. ಹೆಸರು ಮಾತ್ರ ಉಳಿಯಿತು.

ನಲವತ್ತು ವರ್ಷದ ನಂತರ ಅದೇ ನೆಲಕ್ಕೆ ಇನ್ನೊಂದು ಬಗೆಯ ಸರ್ವಮಾನ್ಯ ಬಂತು. ಟಾಟಾದವರು, ಸಿಂಗಪುರದ ಕಂಪನಿಗಳ ಒಕ್ಕೂಟ ಮತ್ತು ಕರ್ನಾಟಕ ಸರ್ಕಾರ ಸೇರಿ 1994ರಲ್ಲಿ ಇಲ್ಲಿ ಟೆಕ್ ಪಾರ್ಕ್ ಕಟ್ಟೋದಕ್ಕೆ ಕೈ ಹಾಕಿದರು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಇಲ್ಲ ಅನ್ನೋ ಕಾಯ್ದೆಯ ವಿನಾಯಿತಿ 2011ರ ಮಾರ್ಚ್ 31ರವರೆಗೂ ಇತ್ತು. ಆಮೇಲೆ ವಿಶೇಷ ಆರ್ಥಿಕ ವಲಯ ಅಂತ ಬೇರೆ ಹೆಸರಿನಲ್ಲಿ ಮುಂದುವರಿಯಿತು. ನನ್ನ ಮತ್ತು ನಿಮ್ಮ ಸಂಬಳ ಹುಟ್ಟಿ ಬೆಳೆದದ್ದು ಈ ವಿನಾಯಿತಿಯ ನೆರಳಲ್ಲೇ.

ನಾನು ಮುಕ್ತ ಮಾರುಕಟ್ಟೆಯ ಪರ ಇರೋನು. ತೆರಿಗೆ ಕಡಿಮೆ ಇರಬೇಕು, ಎಲ್ಲರಿಗೂ ಒಂದೇ ಥರ ಇರಬೇಕು, ಕೊಡುವವನಿಗೆ ಲೆಕ್ಕ ಗೊತ್ತಿರಬೇಕು ಅನ್ನೋದು ನನ್ನ ಮತ. ಅದನ್ನು ಹೇಳೋಕೆ ಅಮೆರಿಕಕ್ಕೋ ಸಿಂಗಪುರಕ್ಕೋ ಹೋಗಬೇಕಾಗಿಲ್ಲ. ನಮ್ಮ ಮೈಸೂರು ಸೀಮೆಯದೇ ಇನ್ನೂರು ವರ್ಷದ ಕಥೆ ಇದೆ. ಅದರಲ್ಲಿ ನಾವು ಗೆದ್ದದ್ದೂ ಇದೆ, ಗಮನಿಸದೆ ಕಳೆದುಕೊಂಡದ್ದೂ ಇದೆ.

1830ರಿಂದ ಶುರು ಮಾಡೋಣ. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಇಂತಿಷ್ಟು ಹಣ ವಸೂಲಿ ಮಾಡಿ ಕಟ್ಟುತ್ತೇನೆ ಅಂತ ಅಮಲ್ದಾರರು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುವ ಪದ್ಧತಿ ಇತ್ತು. ಮಾತು ಕೊಟ್ಟಮೇಲೆ ಎಲ್ಲಿಂದಾದರೂ ಕಿತ್ತು ಕಟ್ಟಲೇಬೇಕಲ್ಲ? ಕಿತ್ತರು. ಅದೇ ಹೊತ್ತಿಗೆ ದವಸದ ಬೆಲೆ ಬಿದ್ದುಹೋಗಿತ್ತು. ಈಗಿನ ಶಿವಮೊಗ್ಗ ಸೀಮೆಯಲ್ಲಿ, ಆಗಿನ ನಗರ ಪ್ರಾಂತ್ಯದಲ್ಲಿ, ರೈತರು ತಿರುಗಿಬಿದ್ದರು. 1830-31ರ ನಗರ ದಂಗೆ ಅಂತ ಓದಿದ್ದೀವಲ್ಲ, ಅದೇ. ಆ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ರಾಜ್ಯವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಆಡಳಿತ ಮೈಸೂರಿನಿಂದ ಬೆಂಗಳೂರಿಗೆ ಬಂತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಹೌದು, ಪಾರ್ಕಿನ ಕಬ್ಬನ್ನೇ.

ಕಬ್ಬನ್ ಕಾಲದಲ್ಲಿ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಸಿಕ್ಕಿದ್ದೇನು ಗೊತ್ತಾ? ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ಅದರ ವಿವರ ಇದೆ. ರದ್ದು ಮಾಡಿದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆಯೇ 769. ಮದುವೆಗೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ಅದರ ತಲೆ ಬೋಳಿಸಿದರೆ ತೆರಿಗೆ. ಒಂದು ಊರಿನವರು ಕೊಡುತ್ತಿದ್ದ ತೆರಿಗೆಗೆ ಕಾರಣ ಏನಪ್ಪಾ ಅಂದ್ರೆ, ಹಿಂದೆ ಯಾವತ್ತೋ ಒಬ್ಬ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿತ್ತು, ಇವರ ತಾತ ಮುತ್ತಾತಂದಿರು ಅದನ್ನು ಹುಡುಕಿಕೊಟ್ಟಿರಲಿಲ್ಲ! ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದೆ ಬೀಸಿಕೊಂಡು ಹೋದರೆ ಅದಕ್ಕೂ ತೆರಿಗೆ. ನಗಬೇಡಿ, ಇವೆಲ್ಲ ಸರ್ಕಾರಿ ದಫ್ತರದಲ್ಲಿ ಆದಾಯದ ಬಾಬ್ತು ಅಂತ ಕ್ರಮವಾಗಿ ನಮೂದಾಗಿದ್ದವು.

ಹಳೇ ಕೋಡ್ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಯಾರೋ ಯಾವತ್ತೋ ಯಾವುದೋ ಕಾರಣಕ್ಕೆ ಒಂದು ಸಾಲು ಸೇರಿಸಿರ್ತಾರೆ. ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ, ಕಾರಣವೂ ಹೋಗಿರುತ್ತೆ. ತೆಗೆದರೆ ಏನು ಮುರಿಯುತ್ತೋ ಅಂತ ಯಾರೂ ಮುಟ್ಟಲ್ಲ. ತೆರಿಗೆಯೂ ಹಾಗೇ, ಹಾಕೋದಕ್ಕೆ ಒಂದು ಕಾರಣ ಸಾಕು, ತೆಗೆಯೋಕೆ ಒಬ್ಬ ಧೈರ್ಯಸ್ಥ ಬೇಕು.

ಇದಕ್ಕಿಂತ ದೊಡ್ಡ ಕಾಟ ದಾರಿಯ ಸುಂಕ. ಆಗ ಅದಕ್ಕೆ ಸಾಯರ್ ಅಂತಿದ್ದರು. ಸರಕು ಊರಿಂದೂರಿಗೆ ಹೋಗುವಾಗ ಕಟ್ಟೆಕಟ್ಟೆಯಲ್ಲಿ ನಿಂತು ಸುಂಕ ಕೊಡಬೇಕು. ಆ ಕಟ್ಟೆಗಳನ್ನು ಗುತ್ತಿಗೆ ಹಿಡಿದವರ ಲಾಭವೂ ವ್ಯಾಪಾರಿಯ ಗಂಟಿನಿಂದಲೇ ಬರಬೇಕು. ನಗರದ ಅಡಿಕೆ ಆರ್ಕಾಟಿನ ಹತ್ತಿರದ ವಾಲಾಜಾಪೇಟೆಯ ಸಂತೆ ಮುಟ್ಟೋದರೊಳಗೆ ಇಪ್ಪತ್ತಕ್ಕೂ ಹೆಚ್ಚು ಕಡೆ ಮೂಟೆ ಇಳಿಸಿ ತೋರಿಸಬೇಕಾಗಿತ್ತು. ಪ್ರತಿ ಕಡೆಯೂ ಕಾಯಬೇಕು, ಕೈ ಬೆಚ್ಚಗೆ ಮಾಡಬೇಕು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತಲೇ ಒಂದು ಬಡಾವಣೆ ಇದೆಯಲ್ಲ, ಆ ಪದದ ಹಿಂದೆ ಇಷ್ಟೆಲ್ಲ ಇದೆ.

ಕಂಪನಿ ಸರ್ಕಾರ ಬಂಗಾಳದಲ್ಲಿ ಒಳನಾಡಿನ ದಾರಿ ಸುಂಕ ತೆಗೆದದ್ದು 1836ರಲ್ಲಿ. ಮೈಸೂರಿನಲ್ಲಿ ಕಬ್ಬನ್ ಹಂತಹಂತವಾಗಿ ತೆಗೆಯುತ್ತಾ ಬಂದ, ಜೊತೆಗೆ ಸುಮಾರು 1,600 ಮೈಲಿ ರಸ್ತೆ ಮಾಡಿಸಿದ. ಇಷ್ಟು ತೆರಿಗೆ ಬಿಟ್ಟಮೇಲೆ ಬೊಕ್ಕಸ ಬರಿದಾಗಬೇಕಿತ್ತಲ್ವಾ? ಆಗಲಿಲ್ಲ. ಅವನ ಕಾಲದಲ್ಲಿ ರಾಜ್ಯದ ಆದಾಯ ಏರಿತು. ತೆರಿಗೆ ಇಳಿಸಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ದಂಗೆ ಅಡಗಿ ಶಾಂತಿ ಬಂದಿತ್ತು, ರಸ್ತೆ ಆಯಿತು, ಕಾಫಿ ತೋಟಗಳು ಎದ್ದವು. ಆದರೆ ಸುಂಕದವನನ್ನು ದಾರಿಯಿಂದ ಎಬ್ಬಿಸಿದರೆ ಸರ್ಕಾರ ಮುಳುಗುತ್ತೆ ಅನ್ನೋದು ಸುಳ್ಳು ಅಂತ ಮೈಸೂರು ಅವತ್ತೇ ತೋರಿಸಿತು.

ಕಬ್ಬನ್ನನಿಗೆ ಹಾರ ಹಾಕೋದಕ್ಕೆ ಮುಂಚೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಟಿಪ್ಪು ಸತ್ತಮೇಲೆ ಆದ 1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಬ್ರಿಟಿಷರಿಗೆ 24.5 ಲಕ್ಷ ರೂಪಾಯಿ ಕಪ್ಪ ಕಟ್ಟಬೇಕಿತ್ತು. ರಾಜ ಇದ್ದಾಗಲೂ ಕಟ್ಟಬೇಕು, ಕಮಿಷನರ್ ಇದ್ದಾಗಲೂ ಕಟ್ಟಬೇಕು. ರೈತ ಕೊಟ್ಟ ಕಂದಾಯದಲ್ಲಿ ದೊಡ್ಡ ಪಾಲು ಅವನ ಊರಿಗೂ ಬರಲಿಲ್ಲ, ಅವನ ಸೀಮೆಗೂ ಬರಲಿಲ್ಲ. ಎಷ್ಟು ಹೋಯಿತು, ಯಾಕೆ ಹೋಯಿತು ಅಂತ ಕೇಳೋ ಹಕ್ಕೂ ಅವನಿಗಿರಲಿಲ್ಲ.

ಆ ಹಕ್ಕಿನ ಕಡೆಗೆ ಮೊದಲ ಹೆಜ್ಜೆ ಇಟ್ಟವರು ದಿವಾನ್ ರಂಗಾಚಾರ್ಲು. 1876-78ರ ಬರದಲ್ಲಿ ಮೈಸೂರಿನ ಲಕ್ಷಾಂತರ ಜನ ಸತ್ತಿದ್ದರು. 1881ರಲ್ಲಿ ರಾಜ್ಯ ಒಡೆಯರ ಕೈಗೆ ವಾಪಸ್ ಬಂದಾಗ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲ. ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಬೇರೆ, ಬರ ನೋಡಿ ಅದನ್ನು ಕೆಲವು ವರ್ಷ ಮುಂದೂಡಿದ್ದರು ಅಷ್ಟೆ. ಬ್ರಿಟಿಷ್ ಆಡಳಿತದ ಖರ್ಚುವೆಚ್ಚವನ್ನು ಟೀಕಿಸಿ ಮೊದಲೇ ಪುಸ್ತಿಕೆ ಬರೆದಿದ್ದ ರಂಗಾಚಾರ್ಲು ದಿವಾನರಾದ ತಕ್ಷಣ ಖರ್ಚಿಗೆ ಕತ್ತರಿ ಹಾಕಿದರು. ಹುದ್ದೆ ಇಳಿಸಿದರು, ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನೇ ತೆಗೆದು ಉಪವಿಭಾಗ ಮಾಡಿದರು. ಒಂದು ಜಿಲ್ಲೆ ತೆಗೀತೀನಿ ಅಂತ ಇವತ್ತು ಯಾರಾದರೂ ಹೇಳಿ ನೋಡಲಿ!

ಅದಕ್ಕಿಂತ ಮುಖ್ಯವಾದದ್ದು 1881ರ ಅಕ್ಟೋಬರ್ 7. ಅವತ್ತು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಜನ, ಅನುಕೂಲಸ್ಥ ರೈತರು ಮತ್ತು ವ್ಯಾಪಾರಿಗಳು. ದಿವಾನರು ಅವರ ಮುಂದೆ ನಿಂತು ಸರ್ಕಾರಕ್ಕೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಹೇಳಿದರು. ಆ ಸಭೆಗೆ ಮತ ಹಾಕಿ ಬಜೆಟ್ ತಡೆಯುವ ಅಧಿಕಾರ ಇರಲಿಲ್ಲ. ಬಡವರಿಗೆ, ಹೆಂಗಸರಿಗೆ ಅದರಲ್ಲಿ ಜಾಗ ಇರಲಿಲ್ಲ. ಮುಂದೆ 1891ರಿಂದ ಚುನಾವಣೆ ಬಂದಾಗಲೂ ಇಂತಿಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಮತ. ಇಷ್ಟೆಲ್ಲ ಕೊರತೆ ಇದ್ದರೂ, ಹಣ ತೆಗೆದುಕೊಂಡವನು ಹಣ ಕೊಟ್ಟವನ ಎದುರು ನಿಂತು ಲೆಕ್ಕ ಒಪ್ಪಿಸಬೇಕು ಅನ್ನೋ ಪಾಠ ನಮ್ಮ ನಾಡಿನಲ್ಲಿ ಅಲ್ಲಿಂದ ಶುರುವಾಯಿತು.

ಇನ್ನು ಇಪ್ಪತ್ತನೇ ಶತಮಾನಕ್ಕೆ ಬರೋಣ. ದೇಶದ ದಾರಿ ಸುಂಕ ಹೋದರೂ ಪೇಟೆಗಳ ಬಾಗಿಲಲ್ಲಿ ಸುಂಕದವನು ಕೂತೇ ಇದ್ದ. ಆಕ್ಟ್ರಾಯ್ ಅಂತ ಅದರ ಹೆಸರು. ಊರೊಳಗೆ ಮಾರಾಟಕ್ಕೆ ಬರುವ ಸರಕಿಗೆ ಪುರಸಭೆ ಹಾಕುವ ತೆರಿಗೆ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಗಾಡಿಯಲ್ಲಿ ಕೊಬ್ಬರಿ ಹೇರಿಕೊಂಡು ಪೇಟೆಗೆ ಹೋಗುತ್ತಿದ್ದ ಕಥೆಯನ್ನು ನಮ್ಮಜ್ಜ ಹೇಳೋರು. ರಾತ್ರಿಯೇ ಗಾಡಿ ಕಟ್ಟಬೇಕು, ಬೆಳಗಿನ ಜಾವಕ್ಕೆ ಗೇಟಿನ ಹತ್ತಿರ ಸಾಲು ನಿಲ್ಲಬೇಕು. ಗೇಟಿನವನು ಎದ್ದು, ಮುಖ ತೊಳೆದು, ಬೀಡಿ ಹಚ್ಚಿ, ಆಮೇಲೆ ಪುಸ್ತಕ ತೆಗೀಬೇಕು. ರಸೀದಿಯ ದುಡ್ಡು ಒಂದು, ರಸೀದಿ ಇಲ್ಲದ ದುಡ್ಡು ಇನ್ನೊಂದು. 'ದುಡ್ಡು ಹೋದ್ರೆ ಹೋಗ್ಲಿ ಕಣೋ, ಅಷ್ಟೊತ್ತಿಗೆ ಮಂಡೀಲಿ ರೇಟು ಇಳಿದುಬಿಟ್ಟಿರ್ತಿತ್ತು' ಅನ್ನೋರು ಅಜ್ಜ. ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ, ತೆರಿಗೆ ಎಷ್ಟು ಅಂತ ಮೊದಲೇ ಖಚಿತವಾಗಿ ಗೊತ್ತಿರಬೇಕು, ಕೊಡುವವನಿಗೆ ಅನುಕೂಲವಾದ ಹೊತ್ತಿನಲ್ಲಿ, ಅನುಕೂಲವಾದ ರೀತಿಯಲ್ಲಿ ತೆಗೆದುಕೊಳ್ಳಬೇಕು ಅಂತ. ನಮ್ಮಜ್ಜ ಸ್ಮಿತ್‌ನನ್ನು ಓದಿರಲಿಲ್ಲ. ಗೇಟಿನ ಮುಂದೆ ನಿಂತು ಅದನ್ನೇ ಕಲಿತಿದ್ದರು.

ದೇವರಾಜ ಅರಸರ ಸರ್ಕಾರ 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ತೆಗೆಯಿತು. ಮುಂಬೈನಲ್ಲಿ ಅದು ಹೋಗಿದ್ದು 2017ರಲ್ಲಿ, ಜಿಎಸ್‌ಟಿ ಬಂದಾಗ. ಅಂದರೆ ನಾವು ಅವರಿಗಿಂತ ಸುಮಾರು ನಾಲ್ಕು ದಶಕ ಮುಂದೆ. ಅರಸು ಅಂದ ತಕ್ಷಣ 'ಉಳುವವನೇ ಹೊಲದೊಡೆಯ' ನೆನಪಾಗುತ್ತೆ. ನಮ್ಮಜ್ಜನಂಥವರ ಗಾಡಿಯನ್ನು ಗೇಟಿನಿಂದ ಬಿಡಿಸಿದ್ದೂ ಅದೇ ಸರ್ಕಾರ ಅನ್ನೋದನ್ನು ನಮ್ಮ ಮಾರುಕಟ್ಟೆ ಪರ ಗೆಳೆಯರು ಮರೆಯಬಾರದು.

ಆದರೆ ಆಕ್ಟ್ರಾಯ್ ಹೋದ ಜಾಗಕ್ಕೆ ಅದೇ ವರ್ಷ ಪ್ರವೇಶ ತೆರಿಗೆ ಬಂತು. ಅದನ್ನು ವಸೂಲಿ ಮಾಡೋದು ಪುರಸಭೆ ಅಲ್ಲ, ರಾಜ್ಯ ಸರ್ಕಾರ. ಪುರಸಭೆಗಾದ ನಷ್ಟವನ್ನು ರಾಜ್ಯ ತುಂಬಿಕೊಡುತ್ತೆ ಅನ್ನೋ ಏರ್ಪಾಡು. ಇದಕ್ಕೆ ಮೂರು ವರ್ಷ ಮುಂಚೆ, 1976ರಲ್ಲಿ, ಇನ್ನೊಂದು ಕಾಯ್ದೆ ಆಗಿತ್ತು. ಅದು ನಿಮಗೆ ಚೆನ್ನಾಗಿ ಗೊತ್ತು, ತಿಂಗಳು ತಿಂಗಳು ಸ್ಯಾಲರಿ ಸ್ಲಿಪ್ಪಿನಲ್ಲಿ ನೋಡ್ತೀರಿ: ಪ್ರೊಫೆಷನಲ್ ಟ್ಯಾಕ್ಸ್, ವೃತ್ತಿ ತೆರಿಗೆ, 200 ರೂಪಾಯಿ.

ಈ 200 ರೂಪಾಯಿಗೆ ಒಂದು ಕಥೆ ಇದೆ. ಸಂವಿಧಾನದ 276ನೇ ವಿಧಿ ಹೇಳೋ ಪ್ರಕಾರ ವೃತ್ತಿ ತೆರಿಗೆಯನ್ನು ರಾಜ್ಯದ ಪ್ರಯೋಜನಕ್ಕಾಗಲಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಯ ಪ್ರಯೋಜನಕ್ಕಾಗಲಿ ಹಾಕಬಹುದು. ಒಬ್ಬರಿಗೆ ವರ್ಷಕ್ಕೆ 250 ರೂಪಾಯಿ ಅಂತ ಇದ್ದ ಮಿತಿಯನ್ನು 1988ರಲ್ಲಿ 2,500ಕ್ಕೆ ಏರಿಸಿದರು, ಅಲ್ಲಿಂದ ಈಚೆಗೆ ಅದು ಬದಲಾಗಿಲ್ಲ. ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಆಗುತ್ತಲ್ಲ, ಉಳಿದ ಆ ನೂರು ರೂಪಾಯಿಯನ್ನೂ ಬಿಡಬಾರದು ಅಂತ ನಮ್ಮ ಸರ್ಕಾರ 2025ರಲ್ಲಿ ಫೆಬ್ರವರಿ ತಿಂಗಳಿಗೆ ಮಾತ್ರ 300 ಅಂತ ಮಾಡಿತು. ಪಕ್ಕದ ತಮಿಳುನಾಡಿನಲ್ಲಿ, ಕೇರಳದಲ್ಲಿ ಈ ತೆರಿಗೆ ತೆಗೆದುಕೊಳ್ಳೋದು ಸ್ಥಳೀಯ ಸಂಸ್ಥೆಗಳು. ಚೆನ್ನೈನ ಇಂಜಿನಿಯರ್ ಕೊಡೋ ವೃತ್ತಿ ತೆರಿಗೆ ಚೆನ್ನೈ ಪಾಲಿಕೆಗೆ ಹೋಗುತ್ತೆ. ಪಟ್ಟಂದೂರು ಅಗ್ರಹಾರದ ಇಂಜಿನಿಯರ್ ಕೊಡೋದು ವಿಧಾನಸೌಧಕ್ಕೆ ಹೋಗುತ್ತೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಒಂದು ಪ್ರದೇಶದಲ್ಲಿ ಒಂದು ಲಕ್ಷ ಜನ ಕೆಲಸ ಮಾಡಿದರೆ ವರ್ಷಕ್ಕೆ 25 ಕೋಟಿ. ಒಂದು ಏರಿಯಾದ ಮೋರಿ, ಫುಟ್‌ಪಾತ್, ಬೀದಿದೀಪಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಆಮೇಲಿನದ್ದು ನಮ್ಮ ಕಣ್ಣೆದುರೇ ನಡೆದ ಚರಿತ್ರೆ. 2005ರ ಏಪ್ರಿಲಿನಲ್ಲಿ ವ್ಯಾಟ್. 2017ರ ಜುಲೈ 1ಕ್ಕೆ ಜಿಎಸ್‌ಟಿ, ಅದರೊಳಗೆ ಪ್ರವೇಶ ತೆರಿಗೆಯೂ ಕರಗಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕವೇ, ಯಾಕಂದ್ರೆ ಇ-ಸುಗಮ ಅನ್ನೋ ಹೆಸರಿನಲ್ಲಿ ಅಂಥದೊಂದು ವ್ಯವಸ್ಥೆ ನಮ್ಮಲ್ಲಿ ಆಗಲೇ ಇತ್ತು. ಲಾರಿ ಕಟ್ಟೆಕಟ್ಟೆಯಲ್ಲಿ ನಿಂತು ಮೂಟೆ ಇಳಿಸುವ ಕಾಲ ಹೋಯಿತು. ಕಬ್ಬನ್ ಶುರು ಮಾಡಿದ ಕೆಲಸ ಸುಮಾರು 180 ವರ್ಷಕ್ಕೆ ಒಂದು ಹದಕ್ಕೆ ಬಂತು ಅನ್ನಬಹುದು. ಇದು ಸಣ್ಣ ಗೆಲುವಲ್ಲ.

ಸುಂಕದವನು ಪೂರ್ತಿ ಕಣ್ಮರೆಯಾದ ಅಂದುಕೊಳ್ಳೋ ಹೊತ್ತಿಗೆ ಅವನು ಕ್ಯೂಆರ್ ಕೋಡಿನೊಳಗೆ ಇಣುಕಿದ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಚೀಟಿ ಬಿತ್ತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನೋ ನಿಯಮ ಹೊಸದಲ್ಲ. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ ಅನ್ನೋದೂ ಹೊಸದಲ್ಲ. ಆದರೆ ಅಂಗಡಿಯವನಿಗೆ ನಿಯಮ ಗೊತ್ತಾಗಿದ್ದು ನೋಟಿಸ್ ಬಂದ ದಿನ. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕೂರಿಸಿಕೊಂಡು ಮಾತಾಡಿ ಹಳೇ ಬಾಕಿಯ ಒತ್ತಾಯ ಕೈಬಿಡಬೇಕಾಯಿತು. ಎಷ್ಟು ಕೊಡಬೇಕು ಅಂತ ಮೊದಲೇ ಗೊತ್ತಿರಬೇಕು ಅನ್ನೋ ಮಾತು ಎತ್ತಿನ ಗಾಡಿಗೂ ಅನ್ವಯಿಸುತ್ತೆ, ಕ್ಯೂಆರ್ ಕೋಡಿಗೂ ಅನ್ವಯಿಸುತ್ತೆ.

ಇಷ್ಟು ಹೊತ್ತೂ ಹೇಳಿದ್ದರಲ್ಲಿ ಎರಡು ಎಳೆ ಇವೆ. ಸುಂಕದವನು ನಮ್ಮ ದಾರಿಯಿಂದ ದೂರ ಹೋದ, ಅದು ಒಂದು. ಅವನು ಹೋಗುವಾಗ ದುಡ್ಡಿನ ಚೀಲವನ್ನೂ ಊರಿನಿಂದ ದೂರ ತೆಗೆದುಕೊಂಡು ಹೋದ, ಅದು ಇನ್ನೊಂದು. ಮೊದಲನೆಯದನ್ನು ಕಂಡು ಖುಷಿಪಟ್ಟ ನಾವು ಎರಡನೆಯದನ್ನು ನೋಡಲಿಲ್ಲ. ಪುರಸಭೆಯ ಗೇಟಿನಲ್ಲಿ ಬರುತ್ತಿದ್ದ ಹಣ ರಾಜ್ಯಕ್ಕೆ ಹೋಯಿತು. ರಾಜ್ಯದ ಮಾರಾಟ ತೆರಿಗೆ ಜಿಎಸ್‌ಟಿ ಆಗಿ ಅದರ ದರ ನಿರ್ಧಾರ ದೆಹಲಿಯ ಮಂಡಳಿಗೆ ಹೋಯಿತು. ಕೆಳಗಿನವರು ಮೇಲಿನವರ ಅನುದಾನಕ್ಕೆ ಕೈ ಚಾಚಿ ಕೂರುವ ಹಾಗಾಯಿತು.

ಮೇಲಿನ ಹಂತದಲ್ಲಿ ಇದರ ನೋವು ನಮ್ಮ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದ ಕಾಲಕ್ಕೆ ಶೇ. 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ 'ನಮ್ಮ ತೆರಿಗೆ ನಮ್ಮ ಹಕ್ಕು' ಅಂತ ಧರಣಿ ಕೂತರು. ಆ ಕೂಗಿನಲ್ಲಿ ನ್ಯಾಯ ಇದೆ ಅಂತಲೇ ನನ್ನ ಭಾವನೆ. ದುಡಿಯುವ ರಾಜ್ಯ ತನ್ನ ದುಡಿಮೆಯ ಬಗ್ಗೆ ಲೆಕ್ಕ ಕೇಳೋದು ತಪ್ಪಲ್ಲ.

ಹಾಗಾದರೆ ಅದೇ ಪ್ರಶ್ನೆಯನ್ನು ಪಟ್ಟಂದೂರು ಅಗ್ರಹಾರ ವಿಧಾನಸೌಧಕ್ಕೆ ಕೇಳಬಹುದಲ್ವಾ? 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ, ಆ ವರ್ಷ ಎತ್ತುವ ಹೊಸ ಸಾಲ 1.16 ಲಕ್ಷ ಕೋಟಿ. ಗ್ಯಾರಂಟಿ ಬೇಕೋ ಬೇಡವೋ ಅನ್ನೋ ಜಗಳ ಟಿವಿಯಲ್ಲಿ ದಿನಾ ಇದ್ದದ್ದೇ, ಅದು ಇಲ್ಲಿ ಬೇಡ. ನನ್ನ ಪ್ರಶ್ನೆ ಇನ್ನೂ ಚಿಕ್ಕದು. ನಗರದ ಆಸ್ತಿ ತೆರಿಗೆ ಸಂಗ್ರಹದಲ್ಲಿ ವರ್ಷ ವರ್ಷವೂ ಮುಂದೆ ಇರೋದು ಮಹದೇವಪುರ ವಲಯ, ಅಂದರೆ ನಮ್ಮ ಈ ಭಾಗ. ಈ ಹಣ ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನ ಮಾಡುವವರು ಯಾರು?

ಬಿಬಿಎಂಪಿ ಕೌನ್ಸಿಲ್ಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ. ಆಗಲಿಲ್ಲ. ಆಗ ಒಂದು ಪಕ್ಷದ ಸರ್ಕಾರ ಇತ್ತು, ಈಗ ಇನ್ನೊಂದು ಪಕ್ಷದ್ದು. ಇಬ್ಬರಿಗೂ ಅವಸರ ಇರಲಿಲ್ಲ. ವಾರ್ಡು ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು. 2025ರ ಮಾರ್ಚಿನಲ್ಲಿ ಸುಮಾರು 20 ಸಾವಿರ ಕೋಟಿಯ ಪಾಲಿಕೆ ಬಜೆಟ್ಟನ್ನು ಮಂಡಿಸಿದ್ದು ಅಧಿಕಾರಿಗಳು. ಅದನ್ನು ಪ್ರಶ್ನೆ ಮಾಡೋಕೆ ಎದುರಿಗೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ರಂಗಾಚಾರ್ಲು ಮುಂದೆ ಕಡೇಪಕ್ಷ 144 ಜನ ಕೂತಿದ್ದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಮಹದೇವಪುರ ಮತ್ತು ಕೆ.ಆರ್. ಪುರ ಸೇರಿ ಬೆಂಗಳೂರು ಪೂರ್ವ ನಗರ ಪಾಲಿಕೆ ಆಯಿತು. ನಾನು ಇದನ್ನು ಬರೆಯುವ ಹೊತ್ತಿಗೆ ಚುನಾವಣೆ ಇನ್ನೂ ಆಗಿಲ್ಲ.

ನಮ್ಮೂರಿನಲ್ಲಿ ಬೀದಿದೀಪ ಕೆಟ್ಟರೆ ನಮ್ಮಪ್ಪ ಪಂಚಾಯ್ತಿ ಮೆಂಬರನ್ನು ಟೀ ಅಂಗಡಿ ಹತ್ತಿರ ಹಿಡ್ಕೋತಾರೆ. 'ಏನಪ್ಪಾ, ಕಂದಾಯ ಕೇಳೋಕೆ ಮಾತ್ರ ಬರ್ತೀಯಾ' ಅಂತಾರೆ. ಅವನು ಗೊಣಗಿಕೊಂಡಾದರೂ ಬಲ್ಬು ಹಾಕಿಸ್ತಾನೆ. ನಮ್ಮಪ್ಪ ಕಟ್ಟೋ ಮನೆ ಕಂದಾಯ ವರ್ಷಕ್ಕೆ ಕೆಲವು ನೂರು ರೂಪಾಯಿ. ನಾನು, ನೀವು ಅದರ ಎಷ್ಟೋ ಪಟ್ಟು ಕಟ್ತೀವಿ. ಹಿಡ್ಕೊಳ್ಳೋಕೆ ನಮಗೆ ಯಾರೂ ಇಲ್ಲ. ನೀರಿಗೆ ಟ್ಯಾಂಕರ್, ಕರೆಂಟಿಗೆ ಜನರೇಟರ್, ಕಸಕ್ಕೆ ಅಪಾರ್ಟ್‌ಮೆಂಟಿನವರದೇ ಗುತ್ತಿಗೆದಾರ. ತೆರಿಗೆ ಒಂದು ಸಲ ಸರ್ಕಾರಕ್ಕೆ, ಇನ್ನೊಂದು ಸಲ ಮೇಂಟೆನೆನ್ಸ್ ಅನ್ನೋ ಹೆಸರಿನಲ್ಲಿ ಅಸೋಸಿಯೇಷನ್ನಿಗೆ. ಎರಡನೆಯದರ ಲೆಕ್ಕ ಕೇಳೋಕೆ ಭಾನುವಾರದ ಮೀಟಿಂಗಿನಲ್ಲಿ ಎಷ್ಟು ಜೋರಾಗಿ ಜಗಳ ಆಡ್ತೀವಿ ನೋಡಿ! ಹತ್ತಿರ ಇದ್ದರೆ ಲೆಕ್ಕ ಕೇಳ್ತೀವಿ, ದೂರ ಇದ್ದರೆ ಸುಮ್ಮನಾಗ್ತೀವಿ. ಮನುಷ್ಯರ ಸ್ವಭಾವವೇ ಹಾಗೆ.

ಬೇರೆ ದಾರಿ ಇಲ್ಲ ಅಂತಲ್ಲ. ಇದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಇದೆ. ಅಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಆಯಿತು, ಎಲ್‌ಸಿಟಾ ಅಂತಾರೆ. ಅಲ್ಲಿನ ಕಂಪನಿಗಳ ಆಸ್ತಿ ತೆರಿಗೆಯನ್ನು ಅದೇ ವಸೂಲಿ ಮಾಡಿ, ಒಂದು ಪಾಲನ್ನು ಸುತ್ತಲಿನ ಪಂಚಾಯ್ತಿಗಳಿಗೆ ಕೊಟ್ಟು, ಉಳಿದದ್ದನ್ನು ಅಲ್ಲಿನ ರಸ್ತೆ, ಚರಂಡಿ, ದೀಪಕ್ಕೆ ಹಾಕುತ್ತೆ. ಆ ಒಳರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ಅದರಲ್ಲೂ ಒಂದು ಕೊರತೆ ಇದೆ. ಅಲ್ಲಿ ಲೆಕ್ಕ ಕೇಳುವವರು ಹೆಚ್ಚಾಗಿ ಕಂಪನಿಗಳು, ಮನೆ ಮಾಡಿಕೊಂಡಿರುವ ಜನರಲ್ಲ. 1881ರ ಸಭೆಯ ಹಾಗೆ ಅದು ಕಂದಾಯ ಕಟ್ಟುವ ಅನುಕೂಲಸ್ಥರ ಕೂಟವೇ. ಹಾಗಾಗಿ ಪೂರ್ತಿ ಉತ್ತರ ಅದಲ್ಲ. ತೆರಿಗೆ ಇದ್ದ ಕಡೆಯೇ ಖರ್ಚಾದರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಅಷ್ಟೆ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ಗಟ್ಟಿಯಾದವೇ. ಮೊದಲನೆಯದು: ವೈಟ್‌ಫೀಲ್ಡಿನ ದುಡ್ಡು ವೈಟ್‌ಫೀಲ್ಡಿಗೇ ಅಂದರೆ ರಾಯಚೂರಿನ ಗತಿ ಏನು? ನಾನೂ ಹಳ್ಳಿಯಿಂದ ಬಂದವನು. ನಮ್ಮೂರಿನ ಸರ್ಕಾರಿ ಶಾಲೆಗೆ ಬಂದ ಹಣ ನಮ್ಮೂರಿನ ತೆರಿಗೆಯಿಂದಷ್ಟೇ ಬಂದದ್ದಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲೇ ಇಟ್ಟುಕೊಳ್ಳೋಣ ಅಂತ ನಾನು ಹೇಳ್ತಿಲ್ಲ. ಜಿಎಸ್‌ಟಿ, ಅಬಕಾರಿ, ಮುದ್ರಾಂಕ ಶುಲ್ಕ ಎಲ್ಲವೂ ರಾಜ್ಯಕ್ಕೇ ಇರಲಿ, ಹಿಂದುಳಿದ ಜಿಲ್ಲೆಗೆ ಅದರಿಂದ ಧಾರಾಳವಾಗಿ ಹೋಗಲಿ. ವೃತ್ತಿ ತೆರಿಗೆ ಒಂದನ್ನು ಸ್ಥಳೀಯ ಸಂಸ್ಥೆಗೆ ವಾಪಸ್ ಕೊಡಿ, ಇಲ್ಲಿಗೂ ಕೊಡಿ, ರಾಯಚೂರಿಗೂ ಕೊಡಿ. ಹುಬ್ಬಳ್ಳಿಯ ನೌಕರ ಕೊಟ್ಟಿದ್ದು ಹುಬ್ಬಳ್ಳಿಗೆ. ಆಗ ಪ್ರತಿ ಊರಿಗೂ ತನ್ನಲ್ಲಿ ಕೆಲಸ ಹುಟ್ಟಿದರೆ ಲಾಭ ಅನ್ನೋದು ಕಾಣುತ್ತೆ, ಹೊಸ ಕಂಪನಿ ಬರುತ್ತೆ ಅಂದಾಗ ಅಡ್ಡ ಹಾಕೋ ಬದಲು ರಸ್ತೆ ಸರಿಮಾಡುವ ಮನಸ್ಸು ಬರುತ್ತೆ.

ಎರಡನೆಯ ಆಕ್ಷೇಪ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ದಿನಾ ಕೇಳೋದು: 'ಕಾರ್ಪೊರೇಟರ್ ಬಂದ್ರೆ ಅವನೊಬ್ಬ ತಿಂತಾನೆ, ಅಷ್ಟೇ ತಾನೇ?' ತಿನ್ನಬಹುದು. ಆದರೆ ತಿಂದವನನ್ನು ಐದು ವರ್ಷಕ್ಕೆ ಮನೆಗೆ ಕಳಿಸುವ ದಾರಿ ಇದೆ. ವರ್ಗಾವಣೆಯಾಗಿ ಬಂದು ವರ್ಗಾವಣೆಯಾಗಿ ಹೋಗುವ ಅಧಿಕಾರಿಯನ್ನು ಎಲ್ಲಿಗೆ ಕಳಿಸ್ತೀರಿ? ಮಾರುಕಟ್ಟೆಯಲ್ಲಿ ಒಂದು ಅಂಗಡಿ ಸರಿಯಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗ್ತೀವಿ. ಊರಾಡಳಿತದಲ್ಲಿ ಹಾಗೆ ಅಂಗಡಿ ಬದಲಾಯಿಸೋಕೆ ನಮ್ಮ ಕೈಲಿರೋದು ಆ ಒಂದು ವೋಟು ಮಾತ್ರ. ಆ ಅಂಗಡಿಯನ್ನೇ ಮುಚ್ಚಿಟ್ಟುಕೊಂಡು 'ಸರಕು ಕೆಟ್ಟದ್ದು' ಅಂತ ಬೈಯೋದರಲ್ಲಿ ಅರ್ಥ ಇಲ್ಲ.

ಮುಂದೆ ಇವತ್ತೋ ನಾಳೆಯೋ ಪೂರ್ವ ಪಾಲಿಕೆಗೆ ಚುನಾವಣೆ ಬರುತ್ತೆ. ಹೊಸ ವಾರ್ಡಿನ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಜನರ ವೋಟು ಇನ್ನೂ ಊರಲ್ಲೇ ಇದೆ, ಹಬ್ಬಕ್ಕೆ ಹೋದಾಗ ಹಾಕಿ ಬರ್ತೀವಿ. ತೆರಿಗೆ ಇಲ್ಲಿ, ವೋಟು ಅಲ್ಲಿ. ಇಲ್ಲಿನ ರಾಜಕಾರಣಿಗೆ ನಾವು ಲೆಕ್ಕಕ್ಕೇ ಇಲ್ಲದಿರೋದಕ್ಕೆ ಅದೂ ಒಂದು ಕಾರಣ. ಮತ ಕೇಳೋಕೆ ಬಂದವರನ್ನು ಎರಡೇ ಪ್ರಶ್ನೆ ಕೇಳಿ. ಈ ವಾರ್ಡಿನಿಂದ ಹೋದ ವರ್ಷ ಎಷ್ಟು ತೆರಿಗೆ ಹೋಯಿತು? ಅದರಲ್ಲಿ ಎಷ್ಟು ವಾಪಸ್ ಬಂತು? ಗೊತ್ತಿಲ್ಲ ಅಂದರೆ ಪರವಾಗಿಲ್ಲ, ತಿಳಿದುಕೊಂಡು ಮುಂದಿನ ವಾರ ಬನ್ನಿ ಅನ್ನಿ.